ಬಳಸಿ ಬಿಟ್ಟ ವಸ್ತುಗಳಿಂದ ಯುವಜನರು ಕಟ್ಟುವ ಸಮುದಾಯ ಕಲೆ: ಅದು ಮತ್ತೆ ಕಸವಾಗದಂತೆ ಯೋಜಿಸುವುದು ಹೇಗೆ?

ಪ್ರಶ್ನೆ: ಯುವಬಳಗದ ಸಂಚಾಲಕಿ

ಎಲ್ಲರಿಗೂ ನಮಸ್ಕಾರ. ಹದಿಮೂರರಿಂದ ಹತ್ತೊಂಬತ್ತರ ವಯಸ್ಸಿನವರು ಸೇರುವ ಒಂದು ಯುವಬಳಗದ ಹೊಣೆ ನನ್ನ ಮೇಲಿದೆ. ಸಾರ್ವಜನಿಕ ಗ್ರಂಥಾಲಯವೊಂದರ ಹೊರಗೋಡೆಯ ಮೇಲೂ ಅದರ ಮುಂದಿನ ಅಂಗಳದಲ್ಲೂ ಬಳಸಿ ಬಿಟ್ಟ ವಸ್ತುಗಳಿಂದ ದೊಡ್ಡದೊಂದು ಕಲಾಕೃತಿ ರಚಿಸಲು ಬಳಗಕ್ಕೆ ಅನುಮತಿ ದೊರೆತಿದೆ. ಉತ್ಸಾಹಕ್ಕೇನೂ ಕೊರತೆಯಿಲ್ಲ, ಪ್ಲಾಸ್ಟಿಕ್ ಬಾಟಲಿ, ಮುಚ್ಚಳ, ಒಡೆದ ಟೈಲ್ಸ್, ಹಳೆಯ ಬಟ್ಟೆ, ಕೆಟ್ಟುಹೋದ ಕೀಬೋರ್ಡ್, ಸೈಕಲ್ಲಿನ ಬಿಡಿಭಾಗ, ಥರ್ಮೋಕೋಲ್ ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ತಂದು ರಾಶಿ ಹಾಕತೊಡಗಿದ್ದಾರೆ.

ಕೆಲಸ ಆರಂಭವಾಗುವ ಮೊದಲು ನನ್ನನ್ನು ಕಾಡುತ್ತಿರುವ ಕೆಲವು ಸಂಗತಿಗಳನ್ನು ಅನುಭವವಿರುವವರ ಮುಂದಿಡಬೇಕೆನ್ನಿಸಿತು. ಈ ಬಗೆಯ ಕೃತಿಗಳನ್ನು ನಾನು ಹಲವೆಡೆ ನೋಡಿದ್ದೇನೆ. ಉದ್ಘಾಟನೆಯ ದಿನ ಕಣ್ಸೆಳೆಯುವ ಅವು, ಬಿಸಿಲು ಮಳೆಗೆ ಸಿಕ್ಕಿ ಬಣ್ಣ ಸುಲಿದು, ಅಂಟು ಬಿಟ್ಟು, ಚೂರುಗಳು ನೆಲಕ್ಕುದುರಿ, ಯಾವ ಕಸದ ಬಗ್ಗೆ ನಾಲ್ಕು ಜನ ಯೋಚಿಸಲಿ ಎಂದು ಅವುಗಳನ್ನು ಕಟ್ಟಲಾಗಿತ್ತೋ ಅದೇ ಕಸವಾಗಿ ನಿಂತಿರುತ್ತವೆ. ಇನ್ನು ಕೆಲವೆಡೆ ವಿನ್ಯಾಸವನ್ನೆಲ್ಲ ಹಿರಿಯ ಕಲಾವಿದರೊಬ್ಬರು ಮೊದಲೇ ಮುಗಿಸಿರುತ್ತಾರೆ. ಗುರುತು ಹಾಕಿದ ಜಾಗದಲ್ಲಿ ಮುಚ್ಚಳ ಅಂಟಿಸುವುದಷ್ಟೇ ಹುಡುಗ ಹುಡುಗಿಯರ ಪಾಲಿಗೆ ಉಳಿದಿರುತ್ತದೆ, ಆದರೂ ಫಲಕದಲ್ಲಿ ಅದು ಯುವಜನರ ಕೃತಿಯೆಂದೇ ಬರೆದಿರುತ್ತದೆ. ಸುತ್ತಲಿನ ನಿವಾಸಿಗಳಂತೂ ಅದನ್ನು ಯಾರೋ ಬಂದು ಮಾಡಿಹೋದ ಅಲಂಕಾರವೆಂದು ತಿಳಿದು ದಾಟಿಹೋಗುತ್ತಾರೆ.

ಯಾವ ವಸ್ತುಗಳು ಹೊರಾಂಗಣದಲ್ಲಿ ತಾಳಿಕೊಳ್ಳುತ್ತವೆ, ಯಾವುವನ್ನು ಮಕ್ಕಳ ಕೈಗೆ ಕೊಡಲೇಬಾರದು, ತೀರ್ಮಾನಗಳು ನಿಜಕ್ಕೂ ಅವರದೇ ಆಗುವಂತೆ ಕೆಲಸವನ್ನು ಹೇಗೆ ನಡೆಸಬೇಕು, ಸುತ್ತಲಿನವರು ಅದನ್ನು ತಮ್ಮದೆಂದು ಭಾವಿಸಲು ಏನು ಮಾಡಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ: ಗುಜರಿ ಶಿಲ್ಪಿ

ನಿಮ್ಮ ಪ್ರಶ್ನೆಯ ಮೊದಲ ಭಾಗಕ್ಕೆ ಮಾತ್ರ ನಾನು ಉತ್ತರಿಸಬಲ್ಲೆ, ಏಕೆಂದರೆ ನನ್ನ ದುಡಿಮೆಯೆಲ್ಲ ಲೋಹ ಮತ್ತು ಗುಜರಿ ಸಾಮಾನುಗಳ ಜೊತೆಗಿನದು. ಇಂಥ ಕೃತಿಗಳು ಬೇಗ ಹಾಳಾಗುವುದಕ್ಕೆ ಬಹುಪಾಲು ಕಾರಣ ವಸ್ತುವಿಗಿಂತ ಹೆಚ್ಚಾಗಿ ಅದರ ಜೋಡಣೆ. ಬಾಟಲಿಯ ಮುಚ್ಚಳಗಳು ಸಾಮಾನ್ಯವಾಗಿ ಎಚ್‌ಡಿಪಿಇ ಅಥವಾ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನಿಂದ ಆಗಿರುತ್ತವೆ, ಮತ್ತು ಇವೆರಡರ ಮೇಲ್ಮೈಗೆ ಅಂಟಾಗಲಿ ಬಣ್ಣವಾಗಲಿ ಸರಿಯಾಗಿ ಹಿಡಿಯುವುದಿಲ್ಲ. ಎಷ್ಟೇ ದುಬಾರಿಯ ಗೋಂದು ಹಾಕಿದರೂ ಬಿಸಿಲಿಗೆ ಹಿಗ್ಗಿ ತಂಪಿಗೆ ಕುಗ್ಗುವ ಮುಚ್ಚಳ ಒಂದು ದಿನ ಕಳಚಿಕೊಳ್ಳುತ್ತದೆ. ಆದ್ದರಿಂದ ಮುಚ್ಚಳಕ್ಕೆ ತೂತು ಕೊರೆದು ತಂತಿಯಲ್ಲಿ ಪೋಣಿಸಿರಿ, ಇಲ್ಲವೆ ಹಲಗೆಗೆ ತಿರುಪು ಹಾಕಿ ಬಿಗಿಯಿರಿ. ಬಣ್ಣ ಬಳಿಯುವ ಗೋಜಿಗೆ ಹೋಗದೆ ಮುಚ್ಚಳಗಳ ಸ್ವಂತ ಬಣ್ಣಗಳನ್ನೇ ಬೇರ್ಪಡಿಸಿಟ್ಟುಕೊಂಡು ಚಿತ್ರ ಮೂಡಿಸಿರಿ.

ಈ ದಾರಿಯಲ್ಲಿ ಎಷ್ಟು ದೂರ ಹೋಗಬಹುದೆಂಬುದನ್ನು ಎಲ್ ಅನಾಟ್ಸುಯಿ ಅವರ ಕೃತಿಗಳಲ್ಲಿ ನೋಡಬೇಕು. ಘಾನಾದಲ್ಲಿ ಹುಟ್ಟಿ ನೈಜೀರಿಯಾದ ನ್ಸುಕ್ಕದಲ್ಲಿ ದುಡಿದ ಅವರು, ಮದ್ಯದ ಬಾಟಲಿಗಳ ಲೋಹದ ಮುಚ್ಚಳಗಳನ್ನು ಚಪ್ಪಟೆ ಮಾಡಿ, ಅನೇಕ ಸಹಾಯಕರ ಕೈಯಿಂದ ತಾಮ್ರದ ತಂತಿಯಲ್ಲಿ ಒಂದಕ್ಕೊಂದು ಹೊಲಿಸಿ, ಗೋಡೆ ತುಂಬುವ ಭಾರೀ ಹಾಸುಗಳನ್ನು ರಚಿಸಿದವರು. ಅವು ಗೋಂದನ್ನು ನೆಚ್ಚಿಲ್ಲ. ಅವನ್ನು ಮಡಚಿ ಸಾಗಿಸಬಹುದು, ಪ್ರತಿ ಬಾರಿಯೂ ಬೇರೆ ನೆರಿಗೆಯಲ್ಲಿ ತೂಗುಹಾಕಬಹುದು, ಒಂದು ಭಾಗ ಕೆಟ್ಟರೆ ಅದನ್ನಷ್ಟೇ ಬಿಚ್ಚಿ ಸರಿಪಡಿಸಬಹುದು. 2015ರಲ್ಲಿ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನ ಅವರಿಗೆ ಜೀವಮಾನದ ಸಾಧನೆಗಾಗಿ ಚಿನ್ನದ ಸಿಂಹ ಪ್ರಶಸ್ತಿ ನೀಡಿತು. ಅಂದಹಾಗೆ ತಾಮ್ರ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿಕೊಂಡು ಮಳೆಯಲ್ಲಿ ನೆನೆದರೆ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ನಿಮ್ಮದು ಹೊರಗೋಡೆಯಾದ್ದರಿಂದ ಅಲ್ಯೂಮಿನಿಯಂ ಮುಚ್ಚಳಗಳಿಗೆ ಅಲ್ಯೂಮಿನಿಯಂ ತಂತಿಯೇ ಒಳ್ಳೆಯದು.

ಬಿಸಿಲಿನ ವಿಚಾರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ರಕ್ಷಕ ರಾಸಾಯನಿಕ ಬೆರೆಸದ ಪಾಲಿಪ್ರೊಪಿಲೀನ್ ನೇರಳಾತೀತ ಕಿರಣಕ್ಕೆ ಸಿಕ್ಕಿ ಪೆಡಸಾಗುತ್ತದೆ, ಬಿರುಕು ಬಿಟ್ಟು ಪುಡಿಯಾಗುತ್ತದೆ, ಆ ಪುಡಿ ಮಣ್ಣಿಗೂ ಚರಂಡಿಗೂ ಸೇರುತ್ತದೆ. ಬಿಸಿಲು ನೇರವಾಗಿ ಬೀಳುವ ಗೋಡೆಗೆ ಟೈಲ್ಸ್, ಗಾಜು, ಪಿಂಗಾಣಿಯ ಚೂರುಗಳಿಗೆ ಸಮನಾದದ್ದು ಇನ್ನೊಂದಿಲ್ಲ. ಅಂಚುಗಳನ್ನು ಉಜ್ಜಿ ಮೊಂಡು ಮಾಡಿ, ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ, ಟೈಲ್ಸ್ ಕೂರಿಸುವ ಗಾರೆಯಲ್ಲಿ ಒತ್ತಿ, ಸಂದುಗಳನ್ನು ತುಂಬಿಬಿಟ್ಟರೆ ಅವು ಗೋಡೆ ಇರುವಷ್ಟು ಕಾಲ ಇರುತ್ತವೆ. ಪ್ಲಾಸ್ಟಿಕ್ಕನ್ನು ನೆರಳಿರುವ ಕಡೆಗೆ, ಬಿಚ್ಚಿ ಬದಲಾಯಿಸಬಹುದಾದ ಚೌಕಟ್ಟುಗಳಿಗೆ ಮೀಸಲಿಡಿ. ಬಟ್ಟೆ ಮತ್ತು ಕಾಗದ ಒಳಗೋಡೆಗೆ ಮಾತ್ರ.

ಇನ್ನು ಕೈಗೆ ಕೊಡಬಾರದವುಗಳ ಮಾತು. ಪ್ಲಾಸ್ಟಿಕ್ ಸಾಮಾನಿನ ತಳದಲ್ಲಿ ತ್ರಿಕೋನದೊಳಗೆ 1ರಿಂದ 7ರವರೆಗಿನ ಒಂದು ಅಂಕಿ ಇರುತ್ತದೆ; 3 ಎಂದರೆ ಪಿವಿಸಿ. ಅದನ್ನು ಕಾಯಿಸಿದರೆ ಅಥವಾ ಸುಟ್ಟರೆ ಕಣ್ಣು ಗಂಟಲು ಉರಿಸುವ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬರುತ್ತದೆ. ಕಾದ ತಂತಿಯಿಂದ ಥರ್ಮೋಕೋಲ್ ಕತ್ತರಿಸುವಾಗಲೂ ಸ್ಟೈರೀನ್ ಆವಿ ಏಳುತ್ತದೆ. ಆದ್ದರಿಂದ ಪ್ಲಾಸ್ಟಿಕ್ಕನ್ನು ಕರಗಿಸುವ, ಸುಡುವ ಯಾವ ವಿಧಾನವೂ ನಿಮ್ಮ ಕಾರ್ಯಾಗಾರದಲ್ಲಿ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಕತ್ತರಿ, ಕೈಡ್ರಿಲ್, ಇಕ್ಕಳ, ತಂತಿ ಸಾಕು. ಹಳೆಯ ಬಗೆಯ ಟ್ಯೂಬ್‌ಲೈಟಿನಲ್ಲಿ ಪಾದರಸವಿದೆ, ಹಳೆಯ ಟಿವಿಯ ಚಿತ್ರಕೊಳವೆಯ ಗಾಜಿನಲ್ಲಿ ಸೀಸವಿದೆ, ಹಳೆಯ ಮನೆಗಳ ಬಾಗಿಲು ಕಿಟಕಿಗಳ ಬಣ್ಣದಲ್ಲೂ ಸೀಸವಿರಬಹುದಾದ್ದರಿಂದ ಅದನ್ನು ಉಜ್ಜಿ ತೆಗೆಯುವ ಕೆಲಸ ಯಾರಿಗೂ ಬೇಡ. ಬ್ಯಾಟರಿ, ಕಲ್ನಾರಿನ ಶೀಟು, ಒತ್ತಡ ತುಂಬಿದ ಸ್ಪ್ರೇ ಡಬ್ಬ, ಔಷಧಿ ಮತ್ತು ಸೂಜಿಗಳನ್ನು ರಾಶಿಯ ಬಳಿಗೂ ಬಿಡಬೇಡಿ. ಕೀಬೋರ್ಡಿನ ಗುಂಡಿಗಳನ್ನು ಕಿತ್ತು ಬಳಸಿ, ಉಳಿದದ್ದನ್ನು ಇ-ತ್ಯಾಜ್ಯ ಸಂಗ್ರಹಕ್ಕೆ ಒಪ್ಪಿಸಿ. ಟೈರು ತಂದರೆ ತಳಕ್ಕೆ ತೂತುಗಳನ್ನು ಕೊರೆಯಿರಿ. ನಿಂತ ನೀರು ಡೆಂಗಿ ಹರಡುವ ಸೊಳ್ಳೆಗೆ ತವರು.

ಉತ್ತರ: ಕಲಾ ಇತಿಹಾಸದ ವಿದ್ಯಾರ್ಥಿನಿ

ಮೇಲಿನ ಉತ್ತರ ಗೋಡೆಯ ಬಾಳಿಕೆಯನ್ನು ಕುರಿತದ್ದು. ಕೃತಿಯನ್ನು ಜನ ಯಾಕೆ ಉಳಿಸಿಕೊಳ್ಳುತ್ತಾರೆ ಎಂಬುದಕ್ಕೆ ಇತಿಹಾಸದಲ್ಲಿ ಎರಡು ಉದಾಹರಣೆಗಳಿವೆ, ಮತ್ತು ನಿಮ್ಮ ಬಳಗದೊಂದಿಗೆ ಕುಳಿತು ಅವನ್ನು ಚರ್ಚಿಸುವುದು ಸಾರ್ಥಕವೆಂದು ನಾನು ಭಾವಿಸುತ್ತೇನೆ.

ಲಾಸ್ ಏಂಜಲೀಸ್‌ನ ವಾಟ್ಸ್ ಎಂಬ ಬಡಾವಣೆಯಲ್ಲಿ ಸೈಮನ್ ರೋಡಿಯಾ ಎಂಬ ಇಟಲಿ ಮೂಲದ ಕಾರ್ಮಿಕ, 1921ರಿಂದ ಮೂವತ್ತಕ್ಕೂ ಹೆಚ್ಚು ವರ್ಷ ಒಬ್ಬನೇ ದುಡಿದು, ಕಬ್ಬಿಣದ ಸರಳು, ಜಾಲರಿ ಮತ್ತು ಗಾರೆಯಿಂದ ಗೋಪುರಗಳನ್ನೆಬ್ಬಿಸಿ ಅವುಗಳ ಮೈಗೆ ಒಡೆದ ಪಿಂಗಾಣಿ, ಬಾಟಲಿಯ ಗಾಜು, ಕಪ್ಪೆಚಿಪ್ಪುಗಳನ್ನು ಕೂರಿಸಿದ. ಎಲ್ಲಕ್ಕಿಂತ ಎತ್ತರದ್ದು ಸುಮಾರು 30 ಮೀಟರ್ ಇದೆ. ನೆರೆಹೊರೆಯ ಮಕ್ಕಳು ಅವನಿಗೆ ಚೂರುಗಳನ್ನು ಆಯ್ದು ತಂದುಕೊಡುತ್ತಿದ್ದರು. ಅವನು ಊರು ಬಿಟ್ಟ ಬಳಿಕ ನಗರಾಡಳಿತ ಅವು ಅಪಾಯಕಾರಿಯೆಂದು ಕೆಡವಲು ಆದೇಶಿಸಿತು. ಆಗ ನಾಗರಿಕರ ಸಮಿತಿಯೊಂದು ಪಟ್ಟುಹಿಡಿದು ನಿಂತು, 1959ರಲ್ಲಿ ಎಂಜಿನಿಯರೊಬ್ಬರ ಮೂಲಕ ಬಹಿರಂಗವಾಗಿ ಸಾಮರ್ಥ್ಯ ಪರೀಕ್ಷೆ ನಡೆಸಿತು. ಸುಮಾರು 4,500 ಕಿಲೋಗ್ರಾಂ ಬಲದಿಂದ ಪಕ್ಕಕ್ಕೆಳೆದರೂ ಗೋಪುರ ಬೀಳಲಿಲ್ಲ, ಆದೇಶ ರದ್ದಾಯಿತು. ಮುಂದೆ ಅದರ ಪಕ್ಕದಲ್ಲೇ ಮಕ್ಕಳಿಗೂ ಯುವಕರಿಗೂ ಕಲೆ ಕಲಿಸುವ ಕೇಂದ್ರ ಬೆಳೆಯಿತು. ಸಮಾಜಕಾರ್ಯದಲ್ಲೂ ತರಬೇತಿ ಪಡೆದಿದ್ದ ನೋವಾ ಪ್ಯೂರಿಫಾಯ್ ಎಂಬ ಕಲಾವಿದ ಅದನ್ನು ಕಟ್ಟಿ ಬೆಳೆಸಿದವರಲ್ಲೊಬ್ಬರು. 1965ರ ಗಲಭೆಯಲ್ಲಿ ಅದೇ ಬಡಾವಣೆ ಹೊತ್ತಿ ಉರಿದಾಗ ಅವರು ಸುಟ್ಟ ಕಟ್ಟಡಗಳ ಅವಶೇಷಗಳನ್ನು ಕಲೆಹಾಕಿ, ಜೊತೆಗಾರರೊಂದಿಗೆ ಶಿಲ್ಪಗಳನ್ನು ರಚಿಸಿ, 1966ರಲ್ಲಿ ಪ್ರದರ್ಶಿಸಿದರು. ಕಸವೆಂದರೆ ಬರೀ ಬೆಲೆಯಿಲ್ಲದ ವಸ್ತುವಲ್ಲ, ಅದರಲ್ಲಿ ಒಂದು ಜಾಗದ ಬದುಕು ಇರುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಎರಡನೆಯದು ಚಂಡೀಗಢದ ರಾಕ್ ಗಾರ್ಡನ್. ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ನಿರೀಕ್ಷಕರಾಗಿದ್ದ ನೇಕ್ ಚಂದ್, ಹೊಸ ನಗರ ಕಟ್ಟುವುದಕ್ಕಾಗಿ ಕೆಡವಿದ ಹಳ್ಳಿಗಳ ಅವಶೇಷಗಳಿಂದ ಒಡೆದ ಬಳೆ, ಪಿಂಗಾಣಿ, ವಿದ್ಯುತ್ ಸಲಕರಣೆಗಳ ಚೂರುಗಳನ್ನು ಆಯ್ದು ತಂದು, 1950ರ ದಶಕದ ಕೊನೆಯಿಂದ ಮೀಸಲು ಅರಣ್ಯದೊಳಗೆ ಗುಟ್ಟಾಗಿ ಒಂದು ಲೋಕವನ್ನೇ ಸೃಷ್ಟಿಸಿದರು. 1970ರ ದಶಕದ ಮಧ್ಯದಲ್ಲಿ ಅಧಿಕಾರಿಗಳ ಕಣ್ಣಿಗೆ ಬಿದ್ದಾಗ ಕಾನೂನಿನ ಪ್ರಕಾರ ಅದನ್ನು ನೆಲಸಮ ಮಾಡಬೇಕಿತ್ತು. ಜನಾಭಿಪ್ರಾಯ ನೇಕ್ ಚಂದ್ ಪರವಾಗಿ ನಿಂತದ್ದರಿಂದ 1976ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು, ಅವರಿಗೆ ಸಂಬಳವೂ ಕೆಲಸಗಾರರ ತಂಡವೂ ದೊರೆತವು.

ಇವೆರಡರಲ್ಲೂ ಚೂರುಗಳು ಎಲ್ಲಿಂದ ಬಂದವೆಂಬುದಕ್ಕೆ ಅರ್ಥವಿದೆ. ಹಾಗಾಗಿ ನಿಮ್ಮ ರಾಶಿ ಈಗ ಬೆಳೆಯುತ್ತಿರುವ ರೀತಿಯನ್ನು ಬದಲಾಯಿಸಿ ಎಂಬುದೇ ನನ್ನ ಸಲಹೆ. ಹುಡುಗರು ಸಿಕ್ಕಿದ್ದನ್ನು ತಂದು ಸುರಿಯುವ ಬದಲು ಇಬ್ಬಿಬ್ಬರಾಗಿ ಮನೆಮನೆಗೆ, ಅಂಗಡಿಗಳಿಗೆ, ಕಾರ್ಖಾನೆಗಳಿಗೆ ಹೋಗಿ, ಒಡೆದದ್ದು, ಕೆಟ್ಟದ್ದು, ಆದರೂ ಎಸೆಯಲು ಮನಸ್ಸಾಗದೆ ಇಟ್ಟುಕೊಂಡದ್ದು ಏನಾದರೂ ಇದೆಯೇ ಎಂದು ಕೇಳಲಿ. ಅದರ ಹಿಂದಿನ ಕಥೆಯನ್ನು ಎರಡು ಸಾಲಿನಲ್ಲಿ ಬರೆದುಕೊಂಡು, ವಸ್ತುವಿಗೂ ಕಥೆಗೂ ಒಂದೇ ಸಂಖ್ಯೆ ಕೊಡಲಿ. ಸತ್ತ ಅಜ್ಜಿಯ ಬಟ್ಟಲಿನ ಚೂರು ಆ ಗೋಡೆಯಲ್ಲಿದೆಯೆಂದು ಬಲ್ಲ ಮನೆಯವರು ಅದನ್ನು ಅಲಂಕಾರವೆಂದು ದಾಟಿಹೋಗಲಾರರು. ಕಥೆಗಳ ಪುಸ್ತಕ ಗ್ರಂಥಾಲಯದೊಳಗೇ ಇರಲಿ. ಅದಕ್ಕಿಂತ ಸರಿಯಾದ ಜಾಗ ಬೇರಿಲ್ಲ.

ಉತ್ತರ: ತ್ಯಾಜ್ಯ ನಿರ್ವಹಣೆಯಲ್ಲಿ ಕೆಲಸ ಮಾಡುವವನು

ಇಲ್ಲಿ ಯಾರೂ ಎತ್ತದ ಒಂದು ಮಾತನ್ನು ಹೇಳಲೇಬೇಕಾಗಿದೆ. ಇಂಥ ಯೋಜನೆಗಳ ವರದಿಗಳಲ್ಲಿ ಪರಿಸರ ಉಳಿಸಿದೆವು, ಇಷ್ಟು ಬಾಟಲಿಗಳನ್ನು ಕಸದ ಗುಂಡಿಯಿಂದ ತಪ್ಪಿಸಿದೆವು ಎಂದು ಬರೆಯುವ ರೂಢಿಯಿದೆ. ಒಂದು ಗೋಡೆಗೆ ಬಳಸುವ ಪ್ಲಾಸ್ಟಿಕ್ಕಿನ ಪ್ರಮಾಣ ಆ ಬಡಾವಣೆ ಹೊರಹಾಕುವ ಕಸದ ಲೆಕ್ಕದಲ್ಲಿ ಗಣನೆಗೇ ಬಾರದು. ಅದಕ್ಕಿಂತ ಗಂಭೀರವಾದದ್ದೆಂದರೆ, ನೀರು, ತಂಪು ಪಾನೀಯ ತುಂಬುವ ಪಿಇಟಿ ಎಂಬ ಪ್ಲಾಸ್ಟಿಕ್ಕಿನ ಶುದ್ಧವಾದ ಬಾಟಲಿಗೆ ಮರುಬಳಕೆಯ ಮಾರುಕಟ್ಟೆಯಿದೆ. ಅದನ್ನು ಕತ್ತರಿಸಿ, ಬಣ್ಣ ಬಳಿದು, ಸಿಮೆಂಟಿಗೋ ಎಪಾಕ್ಸಿ ಅಂಟಿಗೋ ಸೇರಿಸಿದ ಕ್ಷಣದಿಂದ ಅದನ್ನು ಯಾವ ಕಾರ್ಖಾನೆಯೂ ಸ್ವೀಕರಿಸಲಾರದು. ಅಂದರೆ ಮರುಬಳಕೆ ಆಗಬಹುದಾಗಿದ್ದ ವಸ್ತುವನ್ನು ಎಂದೆಂದಿಗೂ ಆಗದಂತೆ ಮಾಡಿದ ಹಾಗಾಯಿತು. ವಿನ್ಯಾಸಕ್ಕೆ ಒಂದೇ ಬಣ್ಣದ ಮುಚ್ಚಳ ಸಾಲದೆಂದು ಹೊಸ ಬಾಟಲಿಗಳನ್ನು ಕೊಂಡು ಖಾಲಿ ಮಾಡಿದವರೂ ಇದ್ದಾರೆ. ಇದು ಸರ್ವಥಾ ಸಲ್ಲದು.

ನನ್ನ ಆಕ್ಷೇಪಣೆ ಕಲೆಯ ಬಗ್ಗೆ ಅಲ್ಲ. ಮಾರುಕಟ್ಟೆಯಲ್ಲಿ ಬೆಲೆಯಿರುವ ವಸ್ತುವನ್ನು ಕಸ ಆಯುವವರಿಗೆ ಬಿಟ್ಟುಕೊಟ್ಟು, ಬೆಲೆಯಿಲ್ಲದ್ದನ್ನು ಕಲೆಗೆ ತೆಗೆದುಕೊಳ್ಳಿ ಎಂಬುದಷ್ಟೇ ನನ್ನ ವಿನಂತಿ. ಬಿಸ್ಕತ್ತಿನ ಪೊಟ್ಟಣದಂಥ ಹಲವು ಪದರಗಳ ಹೊದಿಕೆ, ಒಡೆದ ಪಿಂಗಾಣಿ, ಹರಿದ ಚಪ್ಪಲಿ, ಮುರಿದ ಆಟಿಕೆ, ಬರೆದು ಮುಗಿದ ಪೆನ್ನು ಇವನ್ನು ಗುಜರಿಯವರೂ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅಮೆರಿಕದ ಓರೆಗಾನ್ ಕರಾವಳಿಯಲ್ಲಿ 2010ರಲ್ಲಿ ಆರಂಭವಾದ ವಾಷ್ಡ್ ಅಶೋರ್ ಎಂಬ ಯೋಜನೆ ಇದಕ್ಕೆ ಒಳ್ಳೆಯ ನಿದರ್ಶನ. ಅಲೆಗಳು ದಡಕ್ಕೆ ತಂದೆಸೆದ ಪ್ಲಾಸ್ಟಿಕ್ಕನ್ನು ಸ್ವಯಂಸೇವಕರು ಆಯ್ದು, ತೊಳೆದು, ಅದರಿಂದಲೇ ಆ ಕಸಕ್ಕೆ ಬಲಿಯಾಗುವ ಕಡಲಜೀವಿಗಳ ಬೃಹದಾಕಾರಗಳನ್ನು ಕಟ್ಟುತ್ತಾರೆ.

ಕೃತಿ ಶಾಶ್ವತವಾಗಿರಲೇಬೇಕೆಂಬ ಹಟವನ್ನೂ ಬಿಡಬಹುದು. ಬ್ರೆಜಿಲ್‌ನ ಕಲಾವಿದ ವಿಕ್ ಮುನೀಜ್, ರಿಯೋ ಡಿ ಜನೈರೋ ಹೊರವಲಯದ ಜಾರ್ಡಿಮ್ ಗ್ರಮಾಶೊ ಎಂಬ ಕಸದ ಗುಡ್ಡದಲ್ಲಿ ದುಡಿಯುತ್ತಿದ್ದ ಆಯುವವರ ಜೊತೆಗೂಡಿ, ಅವರೇ ಆಯ್ದ ವಸ್ತುಗಳನ್ನು ವಿಶಾಲವಾದ ನೆಲದ ಮೇಲೆ ಹರಡಿ ಅವರದೇ ಮುಖಚಿತ್ರಗಳನ್ನು ಮೂಡಿಸಿದರು. ಮೇಲಿನಿಂದ ಛಾಯಾಚಿತ್ರ ತೆಗೆದರು. ಉಳಿದದ್ದು ಛಾಯಾಚಿತ್ರ. ಅದರ ಮಾರಾಟದಿಂದ ಬಂದ ಹಣ ಆಯುವವರ ಸಂಘಕ್ಕೆ ಸಂದಿತು. ನಿಮ್ಮ ಅಂಗಳದ ಭಾಗಕ್ಕೆ ಈ ಕ್ರಮ ಚೆನ್ನಾಗಿ ಹೊಂದುತ್ತದೆ. ಕಸ ಆಯುವವರನ್ನೂ ಕರೆಯಿರಿ. ಯಾವ ವಸ್ತು ಯಾವುದೆಂದು ಅವರಷ್ಟು ಬಲ್ಲ ಗುರುಗಳು ನಿಮಗೆ ಸಿಗಲಾರರು, ಮತ್ತು ಗೌರವಧನ ಕೊಟ್ಟು ಕರೆಯುವುದು ನ್ಯಾಯ.

ಮರುಪ್ರಶ್ನೆ: ಯುವಬಳಗದ ಸಂಚಾಲಕಿ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಈ ಉತ್ತರಗಳನ್ನು ಬಳಗದಲ್ಲಿ ಓದಿ ಹೇಳಿದೆ. ಬೆಲೆಯುಳ್ಳ ಬಾಟಲಿಗಳನ್ನು ಹಿಂದಿರುಗಿಸಲು, ಮನೆಮನೆಗೆ ಹೋಗಲು ಎಲ್ಲರೂ ಒಪ್ಪಿದ್ದಾರೆ. ಆದರೆ ಎರಡು ತೊಡಕುಗಳಿವೆ. ಒಂದು ಗುಂಪಿಗೆ ಮರ ಪಕ್ಷಿಗಳ ಸುಂದರ ಚಿತ್ರ ಬೇಕು. ಇನ್ನೊಂದು ಗುಂಪು, ತಾವಿರುವ ಕಡೆ ಕಸ ಯಾರ ಮನೆ ಬಾಗಿಲಲ್ಲಿ ಬೀಳುತ್ತದೆಂಬುದನ್ನೇ ನಕಾಶೆಯಾಗಿ ತೋರಿಸಬೇಕೆನ್ನುತ್ತಿದೆ. ನನಗೆ ಎರಡನೆಯದರ ಮೇಲೆ ಒಲವಿರುವುದರಿಂದಲೇ ನಾನು ಬಾಯಿ ಬಿಟ್ಟಿಲ್ಲ. ಇದಲ್ಲದೆ, ಗ್ರಂಥಾಲಯಕ್ಕೆ ಬರುವ ಹಿರಿಯರು ಕೆಲವರು, ಓದುವ ಸ್ಥಳದ ಮುಂದೆ ಕಸ ಯಾಕೆಂದು ನೊಂದುಕೊಂಡೇ ಕೇಳುತ್ತಿದ್ದಾರೆ. ಅವರ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಉತ್ತರ: ಯುವಜನರ ಜೊತೆ ಕೆಲಸ ಮಾಡುವ ರಂಗಕರ್ಮಿ

ನೀವು ಒಲವನ್ನು ಬಚ್ಚಿಡಬೇಕಾಗಿಲ್ಲ, ಅದಕ್ಕೆ ಬೇರೆಯವರ ಒಲವಿಗಿಂತ ಹೆಚ್ಚಿನ ತೂಕವಿಲ್ಲವೆಂಬುದು ಅವರಿಗೆ ಖಾತ್ರಿಯಾದರೆ ಸಾಕು. ತೀರ್ಮಾನ ಅವರದಾಗಬೇಕೆಂದರೆ ಹಣದ ಲೆಕ್ಕ, ಗ್ರಂಥಾಲಯದವರ ಜೊತೆಗಿನ ಮಾತುಕತೆ, ಅವಧಿಯ ಮಿತಿ ಇವೂ ಅವರ ಕೈಯಲ್ಲಿರಬೇಕು. ಬಣ್ಣ ಆರಿಸುವ ಸ್ವಾತಂತ್ರ್ಯವನ್ನಷ್ಟೇ ಕೊಟ್ಟು ಉಳಿದೆಲ್ಲವನ್ನೂ ಹಿರಿಯರು ಇಟ್ಟುಕೊಂಡರೆ ಹದಿನಾರರ ಹುಡುಗಿಗೆ ಅದು ತಕ್ಷಣ ತಿಳಿಯುತ್ತದೆ. ಎರಡು ಗುಂಪುಗಳ ಜಗಳವನ್ನು ಮತ ಹಾಕಿ ಬೇಗ ಮುಗಿಸಬೇಡಿ, ಸೋತ ಗುಂಪು ಮಾರನೆಯ ದಿನದಿಂದ ಬರುವುದಿಲ್ಲ. ಪ್ರತಿ ಗುಂಪೂ ತನ್ನ ವಿಚಾರವನ್ನು ಒಂದು ಮೀಟರ್ ಅಗಲದ ಹಲಗೆಯ ಮೇಲೆ ನಿಜವಾದ ವಸ್ತುಗಳಲ್ಲಿ ಕಟ್ಟಿ ಗ್ರಂಥಾಲಯದ ಹಜಾರದಲ್ಲಿಡಲಿ, ಬಂದವರು ನೋಡಿ ಮಾತನಾಡಲಿ. ವಸ್ತು ಕೈಗೆ ಬಂದ ಮೇಲೆ ಕಾಗದದ ಮೇಲಿನ ವಾದಗಳು ಎಷ್ಟೋ ಬಾರಿ ತಾವೇ ಆಕಾರ ಬದಲಿಸುತ್ತವೆ. ನಕಾಶೆಯ ಮೇಲೆ ಹಕ್ಕಿ ಕೂರಬಾರದೆಂದೇನೂ ಇಲ್ಲ.

ಹಿರಿಯರ ನೋವನ್ನು ನೀವು ಗಂಭೀರವಾಗಿ ಪರಿಗಣಿಸಿರುವುದು ತುಂಬ ಸರಿ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಟೈರೀ ಗೈಟನ್ ಎಂಬ ಕಲಾವಿದರು 1986ರಲ್ಲಿ ಪಾಳುಬಿದ್ದ ತಮ್ಮ ಬೀದಿಯ ಮನೆಗಳಿಗೆ ಎಸೆದ ಬೊಂಬೆ, ಬೂಟು, ಕಾರಿನ ಭಾಗಗಳನ್ನು ಹೊದಿಸಿ, ತಮ್ಮ ತಾತ ಮತ್ತು ನೆರೆಯ ಮಕ್ಕಳ ನೆರವಿನಿಂದ ಹೈಡೆಲ್‌ಬರ್ಗ್ ಪ್ರಾಜೆಕ್ಟ್ ಎಂಬ ಬಯಲು ಕಲಾವರಣವನ್ನು ನಿರ್ಮಿಸಿದರು. ದೂರದಿಂದ ಬಂದವರು ಮೆಚ್ಚಿದರು. ಅದೇ ಬೀದಿಯ ಕೆಲವರಿಗೆ ಮಾತ್ರ ಅದು ತಮ್ಮ ಮನೆ ಮುಂದಿನ ಕಸವಾಗಿಯೇ ಕಂಡಿತು. 1991 ಮತ್ತು 1999ರಲ್ಲಿ ನಗರಾಡಳಿತ ಅದರ ಭಾಗಗಳನ್ನು ಕೆಡವಿತು. ಇದರಿಂದ ಗೈಟನ್ ಅವರ ಸಾಧನೆ ಕಡಿಮೆಯಾಗುವುದಿಲ್ಲ. ದಿನವೂ ಅದರ ಮುಂದೆ ಓಡಾಡುವವರ ಕಣ್ಣು ಬೇರೆ, ಅತಿಥಿಗಳ ಕಣ್ಣು ಬೇರೆ ಎಂಬುದನ್ನು ಮರೆಯಬಾರದು ಅಷ್ಟೆ. ಆ ಹಿರಿಯರನ್ನು ಒಪ್ಪಿಸಲು ಹೋಗದೆ, ಹಲಗೆಗಳನ್ನು ನೋಡಿ ಬೇಡವೆನ್ನಿಸಿದ್ದನ್ನು ಹೇಳಲು ಕರೆಯಿರಿ. ಕಥೆ ಕೇಳಲು ಮೊದಲು ಹೋಗಬೇಕಾದದ್ದೂ ಅವರ ಮನೆಗಳಿಗೇ.

ಉತ್ತರ: ಗುಜರಿ ಶಿಲ್ಪಿ

ಆ ಹಲಗೆಗಳ ಸಲಹೆಗೆ ಒಂದು ಮಾತು ಸೇರಿಸುತ್ತೇನೆ. ಹಜಾರದಲ್ಲಿ ಚರ್ಚೆ ಮುಗಿದ ಮೇಲೆ ಅವನ್ನು ಕೃತಿ ಬರಲಿರುವ ಗೋಡೆಯ ಮೇಲೇ ಒಂದು ಋತುವಿನ ಮಟ್ಟಿಗೆ ತೂಗುಹಾಕಿ. ಯಾವ ತಿರುಪು ತುಕ್ಕು ಹಿಡಿಯಿತು, ಯಾವ ಬಣ್ಣ ಮಾಸಿತು, ಯಾವ ಚೂರನ್ನು ಮಕ್ಕಳು ಕೀಳಲು ನೋಡಿದರು ಎಂಬುದನ್ನು ಬಳಗದವರೇ ಬರೆದಿಟ್ಟುಕೊಳ್ಳಲಿ. ಇಡೀ ಗೋಡೆಯನ್ನೂ ಇದೇ ಅಳತೆಯ ಹಲಗೆಗಳಾಗಿ ವಿಂಗಡಿಸಿಕೊಂಡರೆ, ಇಬ್ಬರು ಸೇರಿ ಒಂದನ್ನು ಇಳಿಸಿ ದುರಸ್ತಿ ಮಾಡಬಹುದು, ಬೇಡವಾದಾಗ ಬಿಚ್ಚಿ ವಸ್ತುಗಳನ್ನು ಬೇರ್ಪಡಿಸಬಹುದು. ಹಲಗೆಯ ಹಿಂಬದಿಯಲ್ಲಿ ಯಾವ ವಸ್ತು, ಯಾವ ಜೋಡಣೆ, ಯಾವ ಉಪಕರಣದಿಂದ ಬಿಚ್ಚಬೇಕು ಎಂಬುದನ್ನು ಅಳಿಸದ ಶಾಯಿಯಲ್ಲಿ ಬರೆಯಿರಿ, ಏಕೆಂದರೆ ಈಗ ಹದಿನೇಳು ತುಂಬಿದವರು ದುರಸ್ತಿಯ ಹೊತ್ತಿಗೆ ಬಳಗದಲ್ಲಿರುವುದಿಲ್ಲ. ಟೈಲ್ಸ್ ಹಲಗೆ ಬಹಳ ಭಾರ. ಗೋಡೆಯ ಮೊಳೆಗಳು ಅದನ್ನು ತಾಳುತ್ತವೆಯೇ ಎಂದು ಕಟ್ಟಡ ಬಲ್ಲವರಿಂದ ಪರೀಕ್ಷಿಸಿದ ಮೇಲೆಯೇ ಏರಿಸಿ.